ನಮ್ಮಲ್ಲೂ ಇದೆ ರಾಯರು

“ಇದೇನ್ರೀ ಇದು! ನಮ್ಮ ಯಾಣಾನ ಬುಡಸಮೇತ ಕಿತ್ಕೊಂಡ್ ಬಂದು ನೀರಲ್ಲಿ ನಿಲ್ಲಿಸಿದಾರೆ!”

ಥಾಯ್ಲೆಂಡಿನ ಫಾಂಗ್‌ನಾ ಕೊಲ್ಲಿಯಲ್ಲಿ ನಮ್ಮ ದೋಣಿ ಕಾಂಡ್ಲಾ ಕಾಡಿನ ಕಾಲುವೆ ದಾಟಿ ಆಗಷ್ಟೇ ಬಯಲು ನೀರಿಗೆ ಬಂದಿತ್ತು. ಎದುರಿಗೆ ಸಮುದ್ರದಿಂದ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಬೆಟ್ಟಗಳು, ಒಂದರ ಹಿಂದೆ ಒಂದು, ದೂರ ಹೋದಷ್ಟೂ ನೀಲಿಯಾಗುತ್ತ ನಿಂತಿದ್ದವು. ಹಾಸನದ ಹೊಸ ಜೋಡಿ ಬಾಯಿ ತೆರೆದು ಕೂತಿತ್ತು. ದಾವಣಗೆರೆಯ ಮೇಷ್ಟರು ಕನ್ನಡಕ ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಎಲ್ಲರೂ ಸುಮ್ಮನಾದ ಆ ಒಂದು ಗಳಿಗೆಯಲ್ಲಿ ರಾಯರ ಬಾಯಿಂದ ಯಾಣ ಬಂತು.

ರಾಯರ ನಿಜವಾದ ಹೆಸರು ಬೇಡ. ಹನ್ನೆರಡು ಜನರ ನಮ್ಮ ತಂಡ ಎರಡನೆಯ ದಿನ ತಿಂಡಿ ಮುಗಿಯುವಷ್ಟರಲ್ಲಿ ಅವರಿಗೆ ‘ನಮ್ಮಲ್ಲೂ ಇದೆ ರಾಯರು’ ಎಂದು ನಾಮಕರಣ ಮಾಡಿಯಾಗಿತ್ತು. ನೀವೂ ಅವರನ್ನು ನೋಡಿಯೇ ಇರುತ್ತೀರಿ. ಕಾಶಿಯಲ್ಲಿ ಗಂಗೆಗೆ ಬೆನ್ನು ಹಾಕಿ ನಿಂತು ಶ್ರೀರಂಗಪಟ್ಟಣದ ಸ್ನಾನಘಟ್ಟವನ್ನು ಹೊಗಳುತ್ತಿದ್ದರಲ್ಲ, ತಾಜ್‌ಮಹಲಿನೆದುರು “ಗೋಳಗುಮ್ಮಟದಲ್ಲಿ ಪಿಸುಗುಟ್ಟಿದರೆ ಆಚೆ ಗೋಡೆಗೆ ಕೇಳುತ್ತೆ, ಇಲ್ಲಿ ಕೇಳುತ್ತಾ?” ಎಂದು ಗೈಡನ್ನು ತಬ್ಬಿಬ್ಬು ಮಾಡಿದರಲ್ಲ, ಅವರೇ ಇವರು. ಬ್ಯಾಂಕಿನಿಂದ ನಿವೃತ್ತರು. ತಲೆಗೆ ಬಿಳಿ ಟೋಪಿ, ಸೊಂಟಕ್ಕೆ ಪಾಸ್‌ಪೋರ್ಟಿನ ಚೀಲ, ಕೈಯಲ್ಲಿ ಗೊಜ್ಜವಲಕ್ಕಿಯ ಡಬ್ಬ. ಹುಟ್ಟಿದ್ದು ತೀರ್ಥಹಳ್ಳಿಯ ಕಡೆ, ಇರುವುದು ಬೆಂಗಳೂರಿನ ಬನಶಂಕರಿಯಲ್ಲಿ, ಬದುಕುವುದು ಮಾತ್ರ ಹೋಲಿಕೆಯಲ್ಲಿ.

ಬ್ಯಾಂಕಾಕಿನಲ್ಲಿ ಇಳಿದಾಗಲೇ ಅವರಿಗೆ ಹುಮ್ಮಸ್ಸು ಏರಿತ್ತು. ವಿಮಾನ ನಿಲ್ದಾಣದ ಹೆಸರೇ ಸುವರ್ಣಭೂಮಿ. ಒಳಗೆ ಹೋದರೆ ಸಮುದ್ರಮಥನದ ಭಾರಿ ಶಿಲ್ಪ. ವಾಸುಕಿಯ ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು. “ನೋಡಿ, ದೇವರೂ ನಮ್ಮೋರೇ, ರಾಕ್ಷಸರೂ ನಮ್ಮೋರೇ. ಇವರದ್ದು ಅಂತ ಏನಿದೆ, ಬರೀ ಹಗ್ಗ” ಎಂದರು. ಹಗ್ಗವೂ ನಮ್ಮ ಹಾವೇ ಎಂದು ಅವರ ಮನೆಯವರು ಮೆಲ್ಲಗೆ ನೆನಪಿಸಿದರು. ಇಲ್ಲಿಯ ರಾಜರಿಗೆ ರಾಮ ಎಂಬ ಬಿರುದು, ಹಳೆಯ ರಾಜಧಾನಿ ಅಯುತ್ಥಯಕ್ಕೆ ಅಯೋಧ್ಯೆಯ ಹೆಸರು. ರಾಯರು ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಳ್ಳುವಾಗ ಪರದೇಶಕ್ಕೆ ಬಂದವರ ಹಾಗೆ ಕಾಣಲಿಲ್ಲ. ದಾಯಾದಿಗಳ ಮನೆಗೆ ಪಾಲು ಕೇಳಲು ಬಂದವರ ಹಾಗಿದ್ದರು. ಹಣ ಬದಲಾಯಿಸುವಲ್ಲಿ ಕೌಂಟರಿನ ಹುಡುಗಿ “ಬಾತ್” ಅಂದಳು. “ನಮ್ಮಲ್ಲೂ ಇದೆಯಮ್ಮಾ, ವಾಂಗಿಬಾತು, ಬಿಸಿಬೇಳೆಬಾತು, ಖಾರಾಬಾತು. ನಿಮ್ಮಲ್ಲಿ ಒಂದೇನಾ?”

ಅವಳು ಕನ್ನಡ ಬಾರದಿದ್ದರೂ ನಕ್ಕಳು. ಆ ದೇಶದವರು ನಗುವುದರಲ್ಲಿ ಜಿಪುಣರಲ್ಲ.

ಈಗ ದೋಣಿಯ ವಿಷಯ. ಉದ್ದನೆಯ ಮರದ ದೋಣಿ. ಹಿಂದೆ ಕಾರಿನದೋ ಲಾರಿಯದೋ ಹಳೆಯ ಎಂಜಿನ್ನು ಕೂರಿಸಿ, ಅದಕ್ಕೆ ಒಂದಾಳು ಮೀರಿದ ಕಬ್ಬಿಣದ ಕಂಬಿ ಜೋಡಿಸಿ, ಕಂಬಿಯ ತುದಿಗೆ ಪಂಕ ಸಿಕ್ಕಿಸಿರುತ್ತಾರೆ. ಆ ಉದ್ದ ಬಾಲದಿಂದಲೇ ಅದಕ್ಕೆ ಬಾಲದ ದೋಣಿ ಎಂದು ಹೆಸರು. ಆಳ ಕಡಿಮೆಯಾದಾಗ ದೋಣಿಯವನು ಬಾಲ ಎತ್ತಿಬಿಡುತ್ತಾನೆ. ಸದ್ದು ಮಾತ್ರ ಹತ್ತು ಹಿಟ್ಟಿನ ಗಿರಣಿ ಒಟ್ಟಿಗೆ ಓಡಿದ ಹಾಗೆ. ದೋಣಿಯ ಮೂತಿಗೆ ಕೆಂಪು, ಹಳದಿ, ಹಸಿರು ಬಟ್ಟೆ, ಹೂಮಾಲೆ ಸುತ್ತಿದ್ದರು. ರಾಯರಿಗೆ ಫೋಟೋದ ಆಸೆ ಬಂತು. ಮುಂದೆ ಹೋಗಿ ಆ ಮೂತಿಯ ಮೇಲೆ ಬಲಗಾಲನ್ನು ಇಟ್ಟು, ಸೊಂಟದ ಮೇಲೆ ಕೈಯಿಟ್ಟು, ಸೈನ್ಯ ಗೆದ್ದವರ ಹಾಗೆ ನಿಂತರು. ದೋಣಿಯವನು ಎಂಜಿನ್ನಿನ ಸದ್ದನ್ನೂ ಮೀರಿಸಿ ಕೂಗಿದ. ಗೈಡ್ ಹುಡುಗ ಓಡಿಹೋಗಿ ಕಾಲು ಇಳಿಸಿದ. ಅಲ್ಲಿ ದೋಣಿಯನ್ನು ಕಾಯುವ ತಾಯಿ ಇರುತ್ತಾಳಂತೆ, ಮೇ ಯಾ ನಾಂಗ್ ಎಂದು. ಆ ಬಟ್ಟೆ, ಹೂವು ಅವಳಿಗೆ. ಅಲ್ಲಿ ಯಾರೂ ಕಾಲಿಡುವ ಹಾಗಿಲ್ಲ.

ನಾವೆಲ್ಲ ಮುಜುಗರದಿಂದ ನೀರು ನೋಡುತ್ತ ಕೂತೆವು. ರಾಯರು ಮಾತ್ರ ಟೋಪಿ ತೆಗೆದರು. ಬಗ್ಗಿ ಆ ಮೂತಿಯನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಗಲ್ಲ ಗಲ್ಲ ಬಡಿದುಕೊಂಡರು. “ತಪ್ಪಾಯ್ತಪ್ಪ, ಗೊತ್ತಾಗಲಿಲ್ಲ. ಆಯುಧಪೂಜೆ ದಿನ ನಾವೂ ಬಸ್ಸಿಗೆ ಹೀಗೇ ಹಾರ ಹಾಕ್ತೀವಿ. ನಮ್ಮಲ್ಲೂ ಇದೆ.” ದೋಣಿಯವನು ಕನ್ನಡ ಅರಿಯ, ಗಲ್ಲ ಬಡಿದುಕೊಂಡದ್ದು ಅರಿತ. ಆಮೇಲೆ ದಿನವಿಡೀ ರಾಯರಿಗೆ ಮಾತ್ರ ಕೈಹಿಡಿದು ಇಳಿಸಿದ, ನಮಗೆಲ್ಲ ಬರೀ ಕಣ್ಸನ್ನೆ.

ಗೈಡ್ ಹುಡುಗ ಈ ಬೆಟ್ಟಗಳ ಕತೆ ಹೇಳಿದ. ಒಂದಾನೊಂದು ಕಾಲಕ್ಕೆ ಇವು ನೆಲದ ಮೇಲಿನ ಬೆಟ್ಟಗಳೇ. ಹಿಮಯುಗ ಮುಗಿದು ಸಮುದ್ರ ಏರಿತು, ಕಣಿವೆಗಳಲ್ಲಿ ನೀರು ನಿಂತಿತು, ತುದಿಗಳು ದ್ವೀಪಗಳಾದವು. ಅಂದರೆ ಬೆಟ್ಟ ನೀರಿಗೆ ಬಂದದ್ದಲ್ಲ, ನೀರು ಬೆಟ್ಟಕ್ಕೆ ಬಂದದ್ದು. ಕಲ್ಲು ಸುಣ್ಣಕಲ್ಲು, ಮಳೆನೀರು ಅದನ್ನು ಕರಗಿಸಿ ಒಳಗೆ ಗವಿ ಕೊರೆಯುತ್ತದೆ, ಅಲೆ ಬುಡ ಕೊರೆಯುತ್ತದೆ. 1981ರಿಂದ ಇದು ರಾಷ್ಟ್ರೀಯ ಉದ್ಯಾನ.

“ಲೈಮ್‌ಸ್ಟೋನಾ?” ರಾಯರು ಎದ್ದೇ ನಿಂತರು. ದೋಣಿ ವಾಲಿತು. “ನಾನೇನ್ ಹೇಳಿದೆ? ಯಾಣದ್ದೂ ಲೈಮ್‌ಸ್ಟೋನೇ! ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90. ನಮ್ಮಲ್ಲೂ ಇದೇರೀ!”

ಅವರು ಹೇಳಿದ್ದು ಸುಳ್ಳಲ್ಲ. ಕುಮಟಾ ಕಾಡಿನ ಆ ಕರಿಬಂಡೆಗಳೂ ಸುಣ್ಣಕಲ್ಲಿನವೇ. ಅಲ್ಲಿಯವರೆಗೆ ರಾಯರನ್ನು ನೋಡಿ ನಗುತ್ತಿದ್ದ ನಾನು ಆ ಕ್ಷಣ ಸ್ವಲ್ಪ ಸಣ್ಣವನಾದೆ. ನಾವು ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಎಂದು ಬೋರ್ಡು ಬರೆಸುತ್ತೇವೆ, ಯಾರೂ ನಗುವುದಿಲ್ಲ. ಹೊರಗಿನವರ ಹೆಸರು ತಂದು ನಮ್ಮದಕ್ಕೆ ಅಂಟಿಸಿದರೆ ಅದು ಪ್ರವಾಸೋದ್ಯಮ. ರಾಯರು ನಮ್ಮದರ ಹೆಸರನ್ನು ಹೊರಗಿನವರಿಗೆ ಅಂಟಿಸಿದರೆ ಮಾತ್ರ ತಮಾಷೆ. ಇದು ಯಾವ ನ್ಯಾಯವೋ ಕಾಣೆ.

ಮುಂದೆ ಸಿಕ್ಕಿದ್ದು ಎಲ್ಲರೂ ಜೇಮ್ಸ್ ಬಾಂಡ್ ದ್ವೀಪ ಎನ್ನುವ ಕಾವೊ ಫಿಂಗ್ ಕಾನ್. ಅದರೆದುರು ನೀರಿನಲ್ಲಿ ಕೊ ತಾಪು ಎಂಬ ಕಲ್ಲಿನ ಕಂಬ; ತಾಪು ಅಂದರೆ ಮೊಳೆ. ಎತ್ತರ ಸುಮಾರು 20 ಮೀಟರ್, ತಲೆ ದಪ್ಪ, ಬುಡ ಸಣ್ಣ, ಸಮುದ್ರಕ್ಕೆ ಹೊಡೆದ ಮೊಳೆಯೇ ಸರಿ. 1974ರಲ್ಲಿ ‘ದಿ ಮ್ಯಾನ್ ವಿತ್ ದ ಗೋಲ್ಡನ್ ಗನ್’ ಚಿತ್ರದಲ್ಲಿ ರೋಜರ್ ಮೂರ್ ಇಲ್ಲಿ ಓಡಾಡಿದ ಮೇಲೆ ಜನ ಮುಗಿಬಿದ್ದರು. ಬುಡ ಸವೆಯುತ್ತದೆಂದು 1998ರಿಂದ ಅದರ ಹತ್ತಿರ ದೋಣಿ ಬಿಡುವುದಿಲ್ಲ.

“ಇದೂ ನಮ್ಮಲ್ಲಿದೆ” ಎಂದರು ರಾಯರು. “ಯಾಣಕ್ಕೂ ಮೊದಲು ಯಾರು ಹೋಗ್ತಿದ್ರು? ‘ನಮ್ಮೂರ ಮಂದಾರ ಹೂವೆ’ ಬಂದ ಮೇಲೇ ಜನ ಶುರುವಾಗಿದ್ದು. ಅವರಿಗೆ ಬಾಂಡು, ನಮಗೆ ಶಿವಣ್ಣ.”

ದಾವಣಗೆರೆಯ ಮೇಷ್ಟರು ಪರೀಕ್ಷೆ ನಡೆಸಿ ನಡೆಸಿ ಪಳಗಿದವರು. ಮೆಲ್ಲಗೆ ಕೇಳಿದರು: “ಸರ, ಯಾಣಕ್ಕ ನೀವು ಎಷ್ಟು ಸಲ ಹೋಗೀರಿ?”

ರಾಯರು ಕೊ ತಾಪುವನ್ನೇ ದಿಟ್ಟಿಸಿದರು. ಉತ್ತರ ಅವರ ಮನೆಯವರಿಂದ ಬಂತು. “ಎಲ್ಲಿ ಹೋಗಿದಾರೆ? ಮದುವೆ ಆದ ವರ್ಷದಿಂದ ಹೇಳ್ತಾ ಇದಾರೆ, ಕರ್ಕೊಂಡ್ ಹೋಗ್ತೀನಿ, ಕರ್ಕೊಂಡ್ ಹೋಗ್ತೀನಿ ಅಂತ. ನಮ್ಮೂರಿಂದ ಬೆಳಿಗ್ಗೆ ಹೊರಟ್ರೆ ಮಧ್ಯಾಹ್ನಕ್ಕೆ ಯಾಣ. ನಲವತ್ತೊಂದು ವರ್ಷ ಆಯ್ತು. ಥಾಯ್ಲೆಂಡೇ ಮೊದಲು ಬಂತು.”

ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂಬ ಗಾದೆ ಉತ್ತರ ಕನ್ನಡದಲ್ಲಿದೆ. ಕಾಡು ಹತ್ತುವ ಸೊಕ್ಕು ವಯಸ್ಸಿನಲ್ಲಿರಬೇಕು. ಆಗ ರಾಯರಿಗೆ ರಜೆ ಇರಲಿಲ್ಲ. ಈಗ ರಜೆಯೂ ರೊಕ್ಕವೂ ಇದೆ, ಮೊಣಕಾಲು ಒಪ್ಪುವುದಿಲ್ಲ.

ಮಧ್ಯಾಹ್ನ ಗವಿಗಳಿಗೆ ಹೊರಟೆವು. ದ್ವೀಪದ ಹೆಸರು ಕೊ ಪನಾಕ್. ರಾಯರು ಅದನ್ನು ಪಾನಕ ಮಾಡಿ, ಜೊತೆಗೆ ಕೋಸಂಬರಿ ಎಲ್ಲಿ ಎಂದು ಕೇಳಿದ್ದನ್ನು ನಾನಿಲ್ಲಿ ಬೆಳೆಸುವುದಿಲ್ಲ. ದೊಡ್ಡ ದೋಣಿಯಿಂದ ಗಾಳಿ ತುಂಬಿದ ಸಣ್ಣ ದೋಣಿಗೆ ಇಳಿಯಬೇಕು. ಒಂದಕ್ಕೆ ಇಬ್ಬರು ಮತ್ತು ಹುಟ್ಟು ಹಾಕುವವನು. ತೂಕ ಸರಿದೂಗಿಸುವ ಲೆಕ್ಕದಲ್ಲಿ ಗೈಡು ರಾಯರನ್ನು ನನ್ನ ಪಾಲಿಗೆ ಹಾಕಿದ. ಅವರ ಮನೆಯವರು ಹಾಸನದ ಹುಡುಗಿಯ ಜೊತೆ ಹೋದರು, ನಿರಾಳವಾಗಿ.

ಈ ಗವಿಗಳಿಗೆ ಸಮುದ್ರದ ಗಡಿಯಾರ. ಭರತ ಏರಿದರೆ ಬಾಯಿ ಮುಚ್ಚುತ್ತದೆ, ತೀರಾ ಇಳಿದರೆ ಕೆಸರು ಸಿಗುತ್ತದೆ. ನಡುವಿನ ಸ್ವಲ್ಪ ಹೊತ್ತಿನಲ್ಲಿ ಹೋಗಿ ಬರಬೇಕು. ಒಳಗೆ ಕತ್ತಲು. ಹುಟ್ಟಿನವನ ಹಣೆಯ ದೀಪದಲ್ಲಿ ಮೇಲೆ ಬಾವಲಿಗಳು ಒಣಗಿದ ಬದನೆಕಾಯಿಯ ಹಾಗೆ ನೇತಾಡುತ್ತಿದ್ದವು. ಹಿಕ್ಕೆಯ ವಾಸನೆ ಮೂಗಿಗೆ ಹೊಡೆಯಿತು. “ನಮ್ಮ ಹಳೇ ದೇವಸ್ಥಾನದ ವಾಸನೆ” ಎಂದು ರಾಯರು ಶುರು ಮಾಡುವಷ್ಟರಲ್ಲಿ ಹುಟ್ಟಿನವನು “ಲೈ ಡೌನ್!” ಎಂದ. ಇಬ್ಬರೂ ಅಂಗಾತ ಮಲಗಿದೆವು. ಚಾವಣಿ ಇಳಿಯಿತು. ಮೂಗಿಗೂ ಬಂಡೆಗೂ ಒಂದು ಗೇಣು, ಆಮೇಲೆ ನಾಲ್ಕು ಬೆರಳು. ಬಂಡೆಯ ತುಂಬ ಬ್ಲೇಡಿನಂಥ ಚಿಪ್ಪುಗಳು ಅಂಟಿಕೊಂಡಿದ್ದವು. ಹುಟ್ಟು ಒಳಗಿಟ್ಟು ಅವನು ಚಾವಣಿಯನ್ನೇ ಕೈಯಿಂದ ತಳ್ಳಿ ತಳ್ಳಿ ದೋಣಿಯನ್ನು ಮುಂದೆ ಜಾರಿಸಿದ. ನನ್ನ ಹೊಟ್ಟೆ ದಾಟಿತು. ರಾಯರ ಹೊಟ್ಟೆಯ ಹತ್ತಿರ ದೋಣಿ ಒಂದು ಕ್ಷಣ ಯೋಚಿಸಿತು. “ಮಿಸ್ಟರ್, ನೋ ಬ್ರೀದ್” ಎಂದ ಅವನು. ಮೂರು ದಿನದಲ್ಲಿ ಮೊದಲ ಸಲ ರಾಯರು ಉಸಿರು ಬಿಗಿಹಿಡಿದರು, ಅಂದರೆ ಮಾತನ್ನೂ.

ಆಚೆ ಬೆಳಕು ಬಂತು. ಎದ್ದು ಕೂತೆವು.

ಬೆಟ್ಟದ ಒಳಗೇ ಒಂದು ಕೊಳ. ಸುತ್ತಲೂ ನೂರಾರು ಅಡಿಯ ಬಂಡೆಗೋಡೆ, ಗೋಡೆಯಿಂದ ಇಳಿಬಿದ್ದ ಬಳ್ಳಿ, ನಡುವೆ ನಿಂತ ನೀರು, ಮೇಲೆ ಆಕಾಶದ ಒಂದು ತುಂಡು. ಗವಿಯ ಚಾವಣಿ ಎಂದೋ ಕುಸಿದು ಆದದ್ದು. ಥಾಯ್ ಭಾಷೆಯಲ್ಲಿ ಇದಕ್ಕೆ ಹೊಂಗ್ ಎನ್ನುತ್ತಾರೆ, ಕೋಣೆ ಎಂದರ್ಥ. ಕೆಸರಿನ ಅಂಚಿನಲ್ಲಿ ಕಾಲಿದ್ದಂತೆ ತೆವಳುವ ಮೀನುಗಳು. ಯಾರೂ ಜೋರಾಗಿ ಮಾತಾಡಬಾರದು ಎಂದು ಗೈಡು ಮೊದಲೇ ಹೇಳಿದ್ದ, ಹೇಳುವ ಅಗತ್ಯವಿರಲಿಲ್ಲ. ರಾಯರು ತಲೆಯೆತ್ತಿ ಆ ಆಕಾಶದ ತುಂಡನ್ನು ನೋಡುತ್ತಿದ್ದರು. ನಾನು ಕಾದೆ. ಒಂದು ನಿಮಿಷ, ಎರಡು ನಿಮಿಷ. ಹೊಂಗಿಗೆ ನಮ್ಮಲ್ಲಿ ಜೋಡಿ ಸಿಗಲಿಲ್ಲ ಎಂದುಕೊಂಡೆ.

“ತೊಟ್ಟಿಮನೆ ಕಣ್ರೀ ಇದು” ಎಂದರು, ಪಿಸುಮಾತಿನಲ್ಲಿ.

ನೋಡಿದೆ. ನಾಲ್ಕೂ ಕಡೆ ಗೋಡೆ, ನಡುವೆ ಬಯಲು, ಅಲ್ಲಿಂದಲೇ ಬೆಳಕು, ಅಲ್ಲಿಗೇ ಮಳೆ. ಎಷ್ಟೋ ಪ್ರವಾಸಿ ಪುಸ್ತಕ ತಿರುವಿ ಹಾಕಿದ್ದ ನನಗೆ ಇಷ್ಟು ಸರಿಯಾದ ಮಾತು ಸಿಕ್ಕಿರಲಿಲ್ಲ. “ನಮ್ಮದೂ ಹೀಗೇ ಇತ್ತು. ಮಳೆಗಾಲದಲ್ಲಿ ಅಜ್ಜಿ ತೊಟ್ಟಿಗೆ ತಾಮ್ರದ ಹಂಡೆ ಇಡ್ತಿದ್ರು. ನಾವು ಜಗಲಿ ಮೇಲೆ ಮಲಗಿ ಹೀಗೇ ಮೇಲೆ ನೋಡ್ತಿದ್ವಿ” ಎಂದರು. ಆಮೇಲೆ, “ಅಣ್ಣತಮ್ಮಂದಿರು ಪಾಲಾದಾಗ ಕೆಡವಿದ್ವಿ. ಕಂಬ ಮಾರಿದ್ವಿ” ಎಂದು ಸುಮ್ಮನಾದರು. ‘ನಮ್ಮಲ್ಲೂ ಇದೆ’ ಎನ್ನಲಿಲ್ಲ.

ಊಟ ಕೊ ಪನ್ಯೀಯಲ್ಲಿ. ಬಂಡೆಯೊಂದಕ್ಕೆ ಒರಗಿ ನೀರಿನ ಮೇಲೆ ಕಂಬ ಊರಿ ಕಟ್ಟಿದ ಮುಸಲ್ಮಾನ ಬೆಸ್ತರ ಊರು. ಮಸೀದಿ, ಶಾಲೆ, ಮಕ್ಕಳಿಗೆ ತೇಲುವ ಫುಟ್‌ಬಾಲ್ ಅಂಗಳ ಕೂಡ ಇದೆ. ರಾಯರು ಚೇತರಿಸಿಕೊಂಡಿದ್ದರು. ಬಿಸಿ ಅನ್ನಕ್ಕೆ ಚೀಲದಿಂದ ಚಟ್ನಿಪುಡಿ ಉದುರಿಸಿ ಇಡೀ ಮೇಜಿಗೆ ಹಂಚಿದರು, ಬಡಿಸುವ ಹುಡುಗನಿಗೂ ನೆಕ್ಕಿಸಿದರು. ಗೋಡಂಬಿಯ ಅಂಗಡಿಯಲ್ಲಿ “ನಮ್ಮ ಮಂಗಳೂರಿನದ್ದರ ಮುಂದೆ ಇದೇನ್ ಮಹಾ” ಎಂದು ಎರಡು ಕಿಲೋ ಕೊಂಡರು. ಗೋಡಂಬಿಯ ತವರು ಬ್ರೆಜಿಲ್ ಎಂದು ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ.

ಊರಿಗೆ ಬಂದು ಎರಡು ತಿಂಗಳಿಗೆ ನಾನು ಹಟ ಹಿಡಿದು ಯಾಣಕ್ಕೆ ಹೋದೆ. ಕರಿಬಂಡೆಗಳ ಕೆಳಗೆ ನಿಂತು ತಲೆಯೆತ್ತಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, “ಥೇಟ್ ಥಾಯ್ಲೆಂಡ್ ಕಣೇ!” ನನ್ನ ಹೆಂಡತಿ ನೋಡಿದ ನೋಟವನ್ನು ಬರೆಯುವುದಿಲ್ಲ. ವಾಪಸಾಗುವಾಗ ಸಿಗ್ನಲ್ ಸಿಕ್ಕ ಕೂಡಲೇ ರಾಯರಿಗೆ ಫೋನು ಮಾಡಿದೆ. ಸಂತೋಷಪಟ್ಟರು. ಆತುರದಿಂದ ಕೇಳಿದರು, “ಹೇಗಿದೇರೀ ನಮ್ಮ ಯಾಣ?”

“ಫಾಂಗ್‌ನಾ ಇದ್ದ ಹಾಗೇ ಇದೆ ಸಾರ್. ನೀರೊಂದಿಲ್ಲ.”

“ಹಾಗಿದ್ರೆ ಸರಿ,” ಎಂದು ಅವರು ಮನೆಯೊಳಗೆ ತಿರುಗಿ ಕೂಗಿದ್ದು ನನಗೂ ಕೇಳಿಸಿತು: “ಇವಳೇ, ಯಾಣ ನಾವಾಗಲೇ ನೋಡಿಯಾಗಿದೆಯಂತೆ!”

ನೀವು ಯಾಣಕ್ಕೆ ಹೋಗುವುದಾದರೆ ಮಳೆ ನಿಂತ ಮೇಲೆ ಹೋಗಿ. ಮಳೆಗಾಲದಲ್ಲಿ ಅಲ್ಲಿ ಜಿಗಣೆ ಕಾಟ ಬಹಳ, ಜೇಬಿನಲ್ಲಿ ಸ್ವಲ್ಪ ಉಪ್ಪು ಇರಲಿ.