ಇಲ್ಲದ ತಟ್ಟೆಗಳ ಎಣಿಕೆ

ಬೆಂಜೀನನ್ನೂ ಟಾಲ್ವೀನನ್ನೂ ನನ್ನಷ್ಟು ಸಲ ಬೇರ್ಪಡಿಸಿದವರು ಈ ಸೀಮೆಯಲ್ಲಿ ವಿರಳವೆಂದು ನಾನು ಯಾವ ಸಭೆಯಲ್ಲಿಯಾದರೂ ಎದ್ದು ನಿಂತು ಹೇಳಬಲ್ಲೆ. ಈ ಸಾಹಸವೆಲ್ಲವೂ ನಡೆದದ್ದು ಗ್ರಾಫ್ ಕಾಗದದ ಮೇಲೆ, ಮೊನೆ ಹೆರೆದ ಪೆನ್ಸಿಲಿನಿಂದ, ತಿಗಣೆಗಳ ಸಾಕ್ಷಿಯಾಗಿ ಹಾಸ್ಟೆಲಿನ ಕೋಣೆಯಲ್ಲಿ ಎಂಬುದನ್ನಾಗಲಿ, ಪದವಿ ಕೈಗೆ ಬರುವವರೆಗೂ ಆ ಎರಡು ದ್ರವಗಳು ಜೊತೆಯಾಗಿ ಇದ್ದದ್ದನ್ನು ನಾನು ಕಣ್ಣಿನಿಂದ ಕಂಡವನೇ ಅಲ್ಲವೆಂಬುದನ್ನಾಗಲಿ ಆ ಸಭೆಗೆ ತಿಳಿಸಲೇಬೇಕೆಂಬ ನಿರ್ಬಂಧವೇನೂ ಇಲ್ಲವಷ್ಟೆ. ಲೋಕದಲ್ಲಿ ಬೆರೆತುಕೊಂಡಿರುವ ದ್ರವಗಳು ಅಸಂಖ್ಯಾತವಾಗಿರುವಾಗ ಪಠ್ಯಪುಸ್ತಕಗಳೆಲ್ಲ ಈ ಜೋಡಿಯನ್ನೇ ಏತಕ್ಕೆ ಹಿಡಿದುಕೊಂಡವೆಂದರೆ, ಇವು ಸ್ವಭಾವತಃ ಸಾಧುಗಳು. ಒಂದು 80 ಡಿಗ್ರಿಯಲ್ಲಿ ಕುದಿಯುತ್ತದೆ, ಇನ್ನೊಂದು 110ರ ಆಸುಪಾಸಿನಲ್ಲಿ. ಕೂಡಿಸಿದರೆ ಕಾವೇರುವುದಿಲ್ಲ, ಮುನಿಸಿಕೊಳ್ಳುವುದಿಲ್ಲ. ರೌಲ್ಟನ ನಿಯಮವನ್ನು ಬಹುಮಟ್ಟಿಗೆ ಚಾಚೂತಪ್ಪದೆ ಪಾಲಿಸುತ್ತವೆ. ಇಂಥ ಸೌಜನ್ಯ ಲೋಕದಲ್ಲಿ ಬೇರೆ ಕಡೆ ದುರ್ಲಭವಾದದ್ದರಿಂದಲೇ ಅದು ಪರೀಕ್ಷೆಯಲ್ಲಿ ಪ್ರತಿವರ್ಷವೂ ಸುಲಭವಾಗಿ ದೊರೆಯುತ್ತದೆ.

ಕೆಮಿಕಲ್ ಎಂಜಿನಿಯರಿಂಗನ್ನು ನಾನು ಆಸಕ್ತಿಯಿಂದ ವರಿಸಿದೆನೆಂದು ಬರೆದರೆ ನನ್ನ ಸೋದರಮಾವ ಇದ್ದಲ್ಲಿಂದಲೇ ನಕ್ಕಾರು. ಗೋಡೆಯ ಮೇಲೆ ಪೇಟ ಧರಿಸಿದ ವಿಶ್ವೇಶ್ವರಯ್ಯನವರ ಪಟವಿದ್ದ ಮನೆಗಳಲ್ಲಿ, ಲೆಕ್ಕದಲ್ಲಿ ಎಂಬತ್ತು ಅಂಕ ದಾಟಿದ ಹುಡುಗ ಎಂಜಿನಿಯರನಾಗತಕ್ಕದ್ದೆಂಬುದು ಚರ್ಚೆಯಿಲ್ಲದೆ ಇತ್ಯರ್ಥವಾಗುತ್ತಿದ್ದ ಕಾಲ ಅದು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮೂರೂ ಭರ್ತಿಯಾಗಿ ಉಳಿದದ್ದು ಇದೊಂದೇ ಎಂದು ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡಿ ಹೇಳಿದಾಗ, ಜೊತೆಗೆ ಬಂದಿದ್ದ ಮಾವ ನನ್ನ ಪರವಾಗಿ ಕ್ಷಣಮಾತ್ರವೂ ತಡಮಾಡದೆ, “ತಗೊಳ್ಳೋ, ಕೆಮಿಸ್ಟ್ರೀನೂ ಬಂತು, ಎಂಜಿನಿಯರಿಂಗೂ ಬಂತು. ಒಂದು ಫೀಸಿಗೆ ಎರಡು!” ಎಂದು ರುಜು ಹಾಕಿಸಿಬಿಟ್ಟರು.

ಮೊದಲ ದಿನದ ಪಾಠದಲ್ಲಿಯೇ ಈ ಲಾಭದ ಲೆಕ್ಕ ತಲೆಕೆಳಗಾಯಿತು. ನಮ್ಮ ಅಧ್ಯಾಪಕರು – ಮುಚ್ಚುಕೊರಳಿನ ಕೋಟು, ಹಣೆಯಲ್ಲಿ ಅಂಗಾರ ಅಕ್ಷತೆ, ಬೆರಳುಗಳಲ್ಲಿ ಶಾಶ್ವತವಾಗಿ ನೆಲೆಸಿದ ಸೀಮೆಸುಣ್ಣ – ಗುರುಪರಂಪರೆಯನ್ನು ಸ್ಮರಿಸದೆ ಶಾಸ್ತ್ರಾರಂಭ ಮಾಡುವವರಲ್ಲ. ಇಂಗ್ಲೆಂಡಿನ ಕ್ಷಾರದ ಕಾರ್ಖಾನೆಗಳ ಹೊಗೆಯನ್ನು ತಪಾಸಣೆ ಮಾಡುವ ಸರ್ಕಾರಿ ಕೆಲಸದಲ್ಲಿದ್ದ ಜಾರ್ಜ್ ಡೇವಿಸ್ ಎಂಬಾತನು ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆದಲೆದು, ಒಬ್ಬೊಬ್ಬ ಯಜಮಾನನೂ ತನ್ನ ಕುಲದ ಗುಟ್ಟೆಂದು ಬಚ್ಚಿಟ್ಟುಕೊಂಡಿದ್ದುದು ವಾಸ್ತವವಾಗಿ ಎಲ್ಲರಿಗೂ ಸಮಾನವಾದ ಪುಡಿಮಾಡುವ, ಕರಗಿಸುವ, ಸೋಸುವ, ಕುದಿಸುವ, ಒಣಗಿಸುವ ನಾಲ್ಕಾರು ಕೆಲಸಗಳೇ ಎಂಬುದನ್ನು ಮನಗಂಡು 1887ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹನ್ನೆರಡು ಉಪನ್ಯಾಸಗಳನ್ನು ಕೊಟ್ಟದ್ದು. ಮರುವರ್ಷವೇ ಅಮೆರಿಕದ ಎಂ.ಐ.ಟಿ.ಯಲ್ಲಿ ಈ ವಿಷಯಕ್ಕೊಂದು ಪಠ್ಯಕ್ರಮ ಏರ್ಪಟ್ಟದ್ದು. 1915ರಲ್ಲಿ ಆರ್ಥರ್ ಲಿಟ್ಲ್ ಈ ಕೆಲಸಗಳಿಗೆಲ್ಲ ಯೂನಿಟ್ ಆಪರೇಷನ್ ಎಂದು ನಾಮಕರಣ ಮಾಡಿದ್ದು. 1921ರಲ್ಲಿ ಹೀರಾಲಾಲ್ ರಾಯರು ಬಂಗಾಳದಲ್ಲಿ ನಮ್ಮ ದೇಶದ ಮಟ್ಟಿಗೆ ಈ ದೀಪವನ್ನು ಹೊತ್ತಿಸಿದ್ದು – ಇಷ್ಟನ್ನೂ ಉಸಿರು ಬಿಡದೆ ಪಠಿಸಿ, ಅವರು ನಮ್ಮ ಕಡೆಗೆ ತಿರುಗಿದರು. ಆದಕಾರಣ ಕಬ್ಬಿನ ಹಾಲನ್ನು ಕುದಿಸುವವನೂ ಕಾಸ್ಟಿಕ್ ಸೋಡವನ್ನು ಕುದಿಸುವವನೂ ಶಾಸ್ತ್ರದ ದೃಷ್ಟಿಯಲ್ಲಿ ಒಂದೇ. ಬೇಯುತ್ತಿರುವ ಪದಾರ್ಥ ಯಾವುದೆಂದು ವಿಚಾರಿಸುವುದು ಅಜ್ಞಾನದ ಲಕ್ಷಣ. ನಾಮರೂಪಗಳೆಲ್ಲ ಮಿಥ್ಯೆ, ಕುದಿಯುವಿಕೆಯೊಂದೇ ಸತ್ಯ. ಇಷ್ಟು ಪರಿಶುದ್ಧವಾದ ಅದ್ವೈತವನ್ನು ಅಂಗಾರ ಅಕ್ಷತೆಯಿಟ್ಟ ಮಾಧ್ವರ ಬಾಯಿಂದ ಕೇಳುವ ಯೋಗ ಬೇರೆ ಯಾವ ವಿಭಾಗದ ವಿದ್ಯಾರ್ಥಿಗಳಿಗೂ ಲಭಿಸಿರಲಾರದು.

ಆದರೆ ಈ ಶಾಸ್ತ್ರದ ಗರ್ಭಗುಡಿಯೆಂದರೆ ಭಟ್ಟಿ ಇಳಿಸುವ ಗೋಪುರ. ಇಡ್ಲಿ ಪಾತ್ರೆಯೊಳಗಿನ ತೂತಿನ ತಟ್ಟೆಗಳನ್ನು ಒಂದರ ಮೇಲೊಂದಾಗಿ ಮೂರು ಅಂತಸ್ತಿನ ಎತ್ತರಕ್ಕೆ ಪೇರಿಸಿದಂತೆ ಭಾವಿಸಿಕೊಂಡರೆ ಅದರ ಸ್ಥೂಲರೂಪ ತಿಳಿಯುತ್ತದೆ. ಕೆಳಗಿನ ಹಂಡೆಯಿಂದ ಆವಿ ಏರುತ್ತದೆ, ಮೇಲಿನಿಂದ ದ್ರವ ಇಳಿಯುತ್ತದೆ. ತಟ್ಟೆ ತಟ್ಟೆಯಲ್ಲಿಯೂ ಇವೆರಡೂ ಸಂಧಿಸಿ, ಹಗುರವಾಗಿ ಹಾರತಕ್ಕದ್ದು ಮೇಲಕ್ಕೂ ಭಾರವಾಗಿ ಕೂರತಕ್ಕದ್ದು ಕೆಳಕ್ಕೂ ಸರಿಯುತ್ತವೆ. ಇಂತಹ ತಟ್ಟೆಗಳು ಎಷ್ಟಿರಬೇಕೆಂಬುದೇ ಪ್ರಶ್ನೆ. ಸೊರೆಲ್ ಎಂಬ ಫ್ರೆಂಚ್ ಪಂಡಿತನು 1893ರಲ್ಲಿ ಇದಕ್ಕೊಂದು ಗಣಿತವನ್ನು ಬರೆದನು. ಅದು ತಟ್ಟೆಯಿಂದ ತಟ್ಟೆಗೆ ಸಮೀಕರಣಗಳನ್ನು ಹೊತ್ತುಕೊಂಡು ಹತ್ತುವ ಕೆಲಸ. 1925ರಲ್ಲಿ ಮ್ಯಾಕೇಬ್ ಮತ್ತು ಥೀಲೆ ಎಂಬ ಇಬ್ಬರು ತರುಣರು ಆ ಹೊರೆಯನ್ನೆಲ್ಲ ಕೆಳಗಿಳಿಸಿ, ಒಂದು ಚೌಕ, ಅದಕ್ಕೊಂದು ಕರ್ಣ, ಕರ್ಣದ ಮೇಲೆ ಉಬ್ಬಿದ ಒಂದು ವಕ್ರರೇಖೆ, ಒಂದೆರಡು ಓರೆಗೆರೆ – ಇಷ್ಟರ ನಡುವೆ ಮೆಟ್ಟಿಲುಗಳನ್ನು ಎಳೆದುಕೊಂಡು ಹೋದರೆ ಮೆಟ್ಟಿಲೆಷ್ಟೋ ತಟ್ಟೆಯಷ್ಟು ಎಂದು ತೋರಿಸಿಕೊಟ್ಟರು. ಗಣಿತದಲ್ಲಿ ಬಲಹೀನರಾದವರು ಚಿತ್ರಕಲೆಯಿಂದ ಪಾರಾಗಬಹುದಾದ ಏಕೈಕ ಎಂಜಿನಿಯರಿಂಗ್ ಪ್ರಶ್ನೆ ಇದೆಂದು ನನ್ನ ಅಭಿಪ್ರಾಯ.

ಒಂದು ತೊಡಕು ಮಾತ್ರ ಉಳಿಯುತ್ತದೆ. ಹೀಗೆ ಎಣಿಸಿದ ತಟ್ಟೆಗಳು ಸೈದ್ಧಾಂತಿಕ ತಟ್ಟೆಗಳು. ಅವುಗಳ ಮೇಲೆ ಆವಿಯೂ ದ್ರವವೂ ಪರಿಪೂರ್ಣವಾದ ಸಮತೋಲಕ್ಕೆ ಬಂದು, ಪರಸ್ಪರ ಸಂಪೂರ್ಣ ಸಮಾಧಾನದಿಂದ ಬೀಳ್ಕೊಳ್ಳುತ್ತವೆ. ಹಿಂದಿನ ಬೆಂಚಿನಿಂದ ಒಬ್ಬ ಧೈರ್ಯಮಾಡಿ, “ಸಾರ್, ಇಂಥ ತಟ್ಟೆ ಎಲ್ಲಿ ಸಿಗುತ್ತೆ?” ಎಂದು ಕೇಳಿದನು. “ಎಲ್ಲಿಯೂ ಸಿಗೋದಿಲ್ಲ ಕಣಯ್ಯ. ಸಿಗೋ ಹಾಗಿದ್ದರೆ ಇಷ್ಟು ಚೆನ್ನಾಗಿ ಕೆಲಸ ಮಾಡ್ತಿತ್ತೇ?” ಎಂದು ಅಧ್ಯಾಪಕರು ಬೋರ್ಡನ್ನು ಒರೆಸಿದರು. ನಮ್ಮ ಚಿತ್ರದಲ್ಲಿ ಹನ್ನೊಂದೂ ಮುಕ್ಕಾಲು ತಟ್ಟೆ ಬಂದಿತೆನ್ನಿ. ಆ ಮುಕ್ಕಾಲು ಮುಕ್ಕಾಲೇ ಹೌದೋ ಮೂರನೆಯ ಎರಡು ಪಾಲೋ ಎಂಬುದಕ್ಕಾಗಿ ರಾತ್ರಿಯೆಲ್ಲ ರಬ್ಬರು ಉಜ್ಜಿ ಕಾಗದ ತೂತಾಗಿರುತ್ತದೆ. ಬೆಳಿಗ್ಗೆ ಅಧ್ಯಾಪಕರು, ನಿಜವಾದ ತಟ್ಟೆಗಳ ದಕ್ಷತೆ ನೂರಕ್ಕೆ ಅರವತ್ತು ಎಂದಿಟ್ಟುಕೊಳ್ಳೋಣ ಎನ್ನುವರು, ಭಾಗಿಸಿದರೆ ಹತ್ತೊಂಬತ್ತೂವರೆಯ ಮೇಲೆ ಚೂರು, ಇಪ್ಪತ್ತು ಎನ್ನೋಣ, ಕ್ಷೇಮಕ್ಕಿರಲಿ, ಇನ್ನೆರಡು ಸೇರಿಸಿ. ಮುಕ್ಕಾಲು ತಟ್ಟೆಗಾಗಿ ನಿದ್ದೆಗೆಟ್ಟವನ ಕಣ್ಣೆದುರಿನಲ್ಲಿಯೇ ಇಡೀ ಹತ್ತು ತಟ್ಟೆಗಳು ಹೀಗೆ ಲೀಲಾಜಾಲವಾಗಿ ದಾನವಾಗುತ್ತಿದ್ದುವು. ಇದನ್ನು ಮೋಸವೆಂದು ಆಡಿಕೊಳ್ಳುವ ಸಿವಿಲ್ ಮಿತ್ರರು ನನಗುಂಟು. ನಾನು ಒಪ್ಪುವುದಿಲ್ಲ. ತನಗೆ ತಿಳಿಯದಿರುವುದು ಎಷ್ಟೆಂಬುದನ್ನು ಅಂದಾಜುಮಾಡಿ, ಅಷ್ಟಕ್ಕೆ ಸರಿಯಾಗಿ ಎರಡು ತಟ್ಟೆಗಳನ್ನು ಮುಡಿಪಾಗಿಡುವ ಶಾಸ್ತ್ರದಲ್ಲಿ ಒಂದು ಬಗೆಯ ವಿನಯವಿದೆ. ಬೇರೆ ಶಾಸ್ತ್ರಗಳು ತಮ್ಮ ಅಜ್ಞಾನವನ್ನು ಇಷ್ಟು ಬಹಿರಂಗವಾಗಿ ತಗಡಿನಲ್ಲಿ ಮಾಡಿಸಿ ತೋರಿಸುವುದನ್ನು ನಾನು ಕಂಡಿಲ್ಲ.

ಇದಕ್ಕಿಂತಲೂ ರಮ್ಯವಾದದ್ದು ರಿಫ್ಲಕ್ಸಿನ ಪ್ರಕರಣ. ಗೋಪುರದ ತುದಿಯಲ್ಲಿ ಬಂದ ಆವಿಯನ್ನು ತಣಿಸಿ, ಅದರಲ್ಲೊಂದು ಪಾಲನ್ನು ಮತ್ತೆ ಗೋಪುರದೊಳಕ್ಕೇ ಇಳಿಬಿಡಬೇಕು. ಬಂದದ್ದನ್ನೆಲ್ಲ ಹಿಂದಕ್ಕೆ ಸುರಿದರೆ ಅತ್ಯಂತ ಕಡಿಮೆ ತಟ್ಟೆಗಳಲ್ಲಿ ಅತ್ಯಂತ ಚೆನ್ನಾದ ಬೇರ್ಪಡೆ ಸಿದ್ಧಿಸುತ್ತದೆ, ಆದರೆ ಹೊರಗೆ ಒಂದು ತೊಟ್ಟೂ ಬರುವುದಿಲ್ಲ. ಹಿಂದಕ್ಕೆ ಸುರಿಯುವುದನ್ನು ಕಡಿಮೆ ಮಾಡುತ್ತ ಹೋದರೆ ಸರಕು ಬರುತ್ತದೆ, ತಟ್ಟೆಗಳು ಹೆಚ್ಚುತ್ತವೆ, ಒಂದು ಗೊತ್ತಾದ ಎಲ್ಲೆಯನ್ನು ಮುಟ್ಟಿದೊಡನೆ ಅನಂತವಾಗುತ್ತವೆ. ಆ ಗೋಪುರವನ್ನು ಕಟ್ಟಲು ಸಾಧ್ಯವಾಗಿದ್ದಿದ್ದರೆ ತ್ರಿಶಂಕುವನ್ನು ಸ್ವರ್ಗಕ್ಕೆ ಹತ್ತಿಸಲು ವಿಶ್ವಾಮಿತ್ರನು ತಪಸ್ಸನ್ನು ವ್ಯಯಮಾಡಬೇಕಾಗಿರಲಿಲ್ಲ. ಎಂಜಿನಿಯರನಾದವನು ಆ ಎಲ್ಲೆಯ 1.2ರಿಂದ 1.5 ಪಟ್ಟನ್ನು ಹಿಡಿದು ಮಧ್ಯಮಮಾರ್ಗದಲ್ಲಿ ನಡೆಯುತ್ತಾನೆ. ಹಾಸ್ಟೆಲಿನಲ್ಲಿ ನಮ್ಮ ಪಕ್ಕದ ಕೋಣೆಯ ಮಿತ್ರನೊಬ್ಬನು ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಪೆರಿಯ ಕೈಪಿಡಿಯಂತಹ ಬೃಹದ್ಗ್ರಂಥವನ್ನೂ ಬಿಡದೆ ಓದಿ, ಓದಿದ್ದನ್ನು ಮತ್ತೆ ಓದಿ, ಪರೀಕ್ಷೆಯ ಮೂರು ಗಂಟೆಗಳಲ್ಲಿ ಎರಡು ಪುಟ ಬರೆದು ಬರುತ್ತಿದ್ದನು. ಅವನ ಹೆಸರು ಟೋಟಲ್ ರಿಫ್ಲಕ್ಸ್ ಎಂದೇ ಆಯಿತು. ಅವನ ಮದುವೆಯ ಆಶೀರ್ವಾದದ ತಂತಿಯಲ್ಲಿಯೂ ನಾವು ಅದೇ ಹೆಸರನ್ನು ಬರೆದೆವು.

ಸಾರಾಯಿಯ ಸಾರವೂ ನೀರೂ ಕೂಡಿದಾಗಿನ ಸ್ಥಿತಿ ಬೇರೆ. ನೂರಕ್ಕೆ 95.6ರಷ್ಟು ಮದ್ಯಸಾರವಾಗುವವರೆಗೆ ಮೆಟ್ಟಿಲುಗಳು ಏರುತ್ತವೆ. ಅಲ್ಲಿ ವಕ್ರರೇಖೆ ಕರ್ಣವನ್ನು ಮುಟ್ಟಿಬಿಡುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಅವೆರಡೂ ಒಂದನ್ನೊಂದು ಬಿಟ್ಟುಕೊಡುವುದಿಲ್ಲ. 1902ರಲ್ಲಿ ಯಂಗ್ ಎಂಬ ವಿಜ್ಞಾನಿ ಅವುಗಳನ್ನು ಅಗಲಿಸಿದ್ದು ಮೂರನೆಯ ವ್ಯಕ್ತಿಯೊಂದನ್ನು ನಡುವೆ ಬಿಟ್ಟು; ಆ ಮೂರನೆಯ ವ್ಯಕ್ತಿ ಬೇರೆ ಯಾರೂ ಅಲ್ಲ, ನಮ್ಮ ಬೆಂಜೀನೇ. ಅದರ ಸಾಧುತನವೆಲ್ಲ ಗ್ರಾಫಿನ ಮಟ್ಟಿಗೆ ಮಾತ್ರವೆಂದೂ, ಉಸಿರಿನೊಡನೆ ಒಳಹೊಕ್ಕರೆ ರಕ್ತವನ್ನೇ ಕೆಡಿಸುತ್ತದೆಂದೂ ತಿಳಿದಾಗ, ನಮ್ಮ ಪ್ರಯೋಗಶಾಲೆಯ ಬಡತನಕ್ಕೆ ನಾನು ಮನಸ್ಸಿನಲ್ಲಿಯೇ ವಂದಿಸಿದೆನು.

ಪ್ರಯೋಗಶಾಲೆಯಲ್ಲಿ ಸಿದ್ಧಾಂತಗಳ ಗತಿ ಏನಾಗುತ್ತಿತ್ತೆಂಬುದಕ್ಕೆ ರೆನಾಲ್ಡ್ಸನ ಪ್ರಯೋಗವೊಂದು ಸಾಕು. ಗಾಜಿನ ಕೊಳವೆಯಲ್ಲಿ ನೀರು ಮೆಲ್ಲನೆ ಹರಿಯುವಾಗ ನಡುವೆ ಬಿಟ್ಟ ಬಣ್ಣದ ಎಳೆ ನೇರವಾಗಿ ಸಾಗುತ್ತದೆಂದೂ, ವೇಗ ಏರಿದಾಗ ಎಳೆ ನಡುಗಿ, ಒಡೆದು, ಕದಡಿಹೋಗುತ್ತದೆಂದೂ ಆತನು 1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ತೋರಿಸಿದನು. ನಮ್ಮಲ್ಲಿ ಬಣ್ಣಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟು. ಕೊಳವೆಯ ನಟ್ಟನಡುವೆ ರೇಷ್ಮೆಯಷ್ಟು ಸಣ್ಣದಾದ ನೇರಳೆ ಗೆರೆ ಹೂಡಿಕೊಂಡು, ನಾವು ಉಸಿರು ಬಿಗಿಹಿಡಿದು ಗಡಿಯಾರ ನೋಡುತ್ತಿರುವಾಗಲೇ, ಅಟೆಂಡರು ಬಕೀಟನ್ನು ಸಿಮೆಂಟಿನ ನೆಲದ ಮೇಲೆ ದೊಪ್ಪನೆ ಇಡುವರು. ಗೆರೆ ಚೆದರಿ ಕೊಳವೆಯೆಲ್ಲ ನೇರಳೆ. ರೆನಾಲ್ಡ್ಸ್ ಬಳಸಿದ ಯಂತ್ರ ಈಗಲೂ ಮ್ಯಾಂಚೆಸ್ಟರಿನಲ್ಲಿದೆಯಂತೆ, ಹೊರಗಿನ ರಸ್ತೆಯ ವಾಹನಗಳ ಕಂಪನದಿಂದ ಅದರಲ್ಲಿಯೂ ನೀರು ಆತನ ಕಾಲಕ್ಕಿಂತ ಬೇಗನೆ ಕದಡುತ್ತದಂತೆ. ಹೀಗಿರುವಲ್ಲಿ ನಮ್ಮ ಅಟೆಂಡರನ್ನು ಆಕ್ಷೇಪಿಸುವುದು ನ್ಯಾಯವಲ್ಲ. ಪ್ರಯೋಗದ ಫಲ ಏನೇ ಆಗಿರಲಿ, ಹಿರಿಯ ವಿದ್ಯಾರ್ಥಿಗಳಿಂದ ಪಿತ್ರಾರ್ಜಿತವಾಗಿ ಬಂದ ರೆಕಾರ್ಡ್ ಪುಸ್ತಕದಲ್ಲಿ ಎಳೆ ಕದಡುವ ರೆನಾಲ್ಡ್ಸ್ ಸಂಖ್ಯೆ 2100 ಎಂದಿರುತ್ತಿತ್ತು, ನಮ್ಮದರಲ್ಲಿಯೂ 2100 ಆಗುತ್ತಿತ್ತು. ಉಷ್ಣದ ಪ್ರಯೋಗಗಳಲ್ಲಿ ಇಷ್ಟು ಶ್ರಮವೂ ಇರಲಿಲ್ಲ. ಹಬೆ ಕೊಟ್ಟ ಶಾಖವೂ ನೀರು ಪಡೆದ ಶಾಖವೂ ಎಂದೆಂದಿಗೂ ತಾಳೆಯಾಗುವುದಿಲ್ಲ. ವ್ಯತ್ಯಾಸವೆಷ್ಟೋ ಅಷ್ಟನ್ನು ವಾತಾವರಣಕ್ಕೆ ಆದ ನಷ್ಟವೆಂದು ಬರೆದು ಗೆರೆಯೆಳೆಯುವುದು ಸಂಪ್ರದಾಯ. ನಮ್ಮ ಕಾಲೇಜಿನ ಸುತ್ತಣ ವಾತಾವರಣ ಏತಕ್ಕೆ ಅಷ್ಟು ಸೆಕೆಯೆಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ರಜೆಗೆ ಊರಿಗೆ ಹೋದಾಗ ಮಾವ ಜಗುಲಿಯ ಮೇಲೆ ಕೂಡಿಸಿಕೊಂಡು ಪರೀಕ್ಷಿಸಿದರು.

“ಏನೋ ಕಲಿಸ್ತಾರೆ ಅಲ್ಲಿ?”

“ಬೆಂಜೀನನ್ನೂ ಟಾಲ್ವೀನನ್ನೂ ಬೇರೆಬೇರೆ ಮಾಡೋದು ಮಾವ.”

“ಕೂಡಿಸಿದೋರು ಯಾರು?”

ಪ್ರಶ್ನಪತ್ರಿಕೆಯಲ್ಲಿ ಮಿಶ್ರಣವೆಂಬುದು ಮೊದಲ ಸಾಲಿನಲ್ಲಿಯೇ ಸಿದ್ಧವಾಗಿ ಬರುತ್ತಿತ್ತಾದ್ದರಿಂದ ಈ ವಿಷಯದಲ್ಲಿ ನಾನು ಯೋಚಿಸಿರಲಿಲ್ಲ. “ಅವನಿಗೆ ಮೊದಲೇ ಹೇಳಬೇಕಪ್ಪ, ಕೂಡಿಸಬೇಡ ಅಂತ. ಅಷ್ಟಕ್ಕೆ ಐದು ವರ್ಷ ಏತಕ್ಕೆ?” ಎಂದು ಮಾವ ಎಲೆಯಡಿಕೆ ತಟ್ಟೆಯನ್ನು ಎಳೆದುಕೊಂಡರು. ಕಲ್ಲಿದ್ದಲನ್ನು ಕಾಯಿಸಿ ಕೋಕ್ ಮಾಡುವಾಗ ಇವೆರಡೂ ಬೆರೆತೇ ಹುಟ್ಟುತ್ತವೆ, ಕೂಡಿಸಿದವನು ಸೃಷ್ಟಿಕರ್ತನೇ ಎಂಬ ಸಮಾಧಾನ ನನಗೆ ದೊರೆತದ್ದು ರಜೆ ಮುಗಿದ ಮೇಲೆ.

ಕೊನೆಯ ವರ್ಷದಲ್ಲಿ ನಮ್ಮನ್ನು ಮೈಸೂರಿನ ಗಂಧದೆಣ್ಣೆ ಕಾರ್ಖಾನೆಗೆ ಕರೆದೊಯ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಯೂರೋಪಿಗೆ ಹೋಗಬೇಕಾಗಿದ್ದ ಗಂಧದ ಕೊರಡು ಹಡಗು ಕಾಣದೆ ಇಲ್ಲಿಯೇ ರಾಶಿಬಿದ್ದಾಗ, ಎಣ್ಣೆಯನ್ನು ನಾವೇ ತೆಗೆಯೋಣವೆಂದು ಮೈಸೂರು ಸರ್ಕಾರ ತೊಡಗಿದ ಉದ್ಯಮ ಅದು. ಗಂಧದೆಣ್ಣೆಯ ಸಾರ ತಾನಾಗಿ ಕುದಿಯಬೇಕಾದರೆ 300 ಡಿಗ್ರಿಯಷ್ಟು ಕಾವು ಬೇಕು, ಅಷ್ಟರೊಳಗೆ ಪರಿಮಳವೇ ಕೆಟ್ಟುಹೋದೀತು. ಆದರೆ ಒಂದರಲ್ಲೊಂದು ಬೆರೆಯದ ಎರಡು ದ್ರವಗಳು ಜೊತೆಯಲ್ಲಿ ಕಾದಾಗ ಎರಡರ ಆವಿಯೊತ್ತಡವೂ ಕೂಡಿ ವಾಯುಮಂಡಲದ ಒತ್ತಡವನ್ನು ಮುಟ್ಟಿದರೆ ಸಾಕು. ಆದುದರಿಂದ ಹಬೆಯ ಸಂಗಡ ಅದು ನೂರು ಡಿಗ್ರಿಯೊಳಗೇ ಸದ್ದಿಲ್ಲದೆ ಹೊರಟುಬರುತ್ತದೆ. ನಾವು ಹೋದಾಗ ಒಂದು ಹಂಡೆಯ ಮುಚ್ಚಳ ತೆಗೆದು, ದಿನಗಟ್ಟಲೆ ಹಬೆ ಕುಡಿದು ಕಪ್ಪಾದ ಗಂಧದ ಪುಡಿಯನ್ನು ಸಲಿಕೆಯಿಂದ ಬಗೆದು ಹಾಕುತ್ತಿದ್ದರು. ಎಣ್ಣೆ ಹೋದ ಆ ಪುಡಿಯನ್ನೂ ಊದುಬತ್ತಿಯವರು ಕೊಳ್ಳುತ್ತಾರೆಂದು ಮೇಸ್ತ್ರಿ ಹೇಳಿದರು. ನಾವು ಗೋಪುರವನ್ನು ಹುಡುಕಿದೆವು. ಗೋಪುರವಿರಲಿಲ್ಲ. ಹಂಡೆಯ ಬಾಯಿಂದ ಕೊಳವೆ ಹೊರಟು ತಣ್ಣೀರಿನ ತೊಟ್ಟಿಗೆ ಇಳಿದಿತ್ತು, ಅಷ್ಟೆ. ಟೋಟಲ್ ರಿಫ್ಲಕ್ಸನು ಹಂಡೆಯೊಳಕ್ಕೆ ಅರ್ಧ ದೇಹವನ್ನು ಬಾಗಿಸಿ ನೋಡಿ, ತಳದಿಂದ ಗೇಣು ಮೇಲೆ ಒಂದೇ ಒಂದು ತೂತಿನ ತಟ್ಟೆಯಿದೆ, ಅದೂ ಪುಡಿ ಕೆಳಗೆ ಬೀಳದಿರಲೆಂದು ಮಾತ್ರ, ಎಂದು ಬೆವರೊರೆಸಿಕೊಳ್ಳುತ್ತ ವರದಿ ಮಾಡಿದನು.

ಕಾಲೇಜಿಗೆ ಹಿಂದಿರುಗಿದ ಮೇಲೆ ತುಂಬಬೇಕಾಗಿದ್ದ ಸೈಕ್ಲೋಸ್ಟೈಲ್ ನಮೂನೆಯಲ್ಲಿ ಸೈದ್ಧಾಂತಿಕ ತಟ್ಟೆಗಳ ಸಂಖ್ಯೆ ಎಂಬ ಅಂಕಣವಿದ್ದಿತು. ತರಗತಿಯವರೆಲ್ಲ ಸಮಾಲೋಚಿಸಿ ಸೊನ್ನೆಯೆಂದು ಬರೆದೆವು. ಅಧ್ಯಾಪಕರು ಎಲ್ಲರ ಸೊನ್ನೆಯನ್ನೂ ಕೆಂಪು ಶಾಯಿಯಿಂದ ಹೊಡೆದುಹಾಕಿ ಒಂದು ಎಂದು ತಿದ್ದಿ, ಅರ್ಧ ಅಂಕವನ್ನು ಕಳೆದಿದ್ದರು.

“ಹಂಡೆಯನ್ನೇ ಮರೆತಿರಲ್ಲಯ್ಯ. ಕುದಿಯೋ ಹಂಡೆ ಯಾವತ್ತಿದ್ದರೂ ಒಂದು ಸೈದ್ಧಾಂತಿಕ ತಟ್ಟೆ.”

ಟೋಟಲ್ ರಿಫ್ಲಕ್ಸನಿಗೆ ಆ ಅರ್ಧ ಅಂಕ ಬಹಳ ಬೇಕಾಗಿದ್ದಿತು. ಅವನು ಎದ್ದು ನಿಂತು, ಹಾಗಾದರೆ ಎರಡಾಗಬೇಕು ಸಾರ್, ಹಂಡೆಯೊಳಗೆ ತೂತಿನ ತಟ್ಟೆಯೊಂದಿತ್ತು, ನಾನು ಕಣ್ಣಾರೆ ನೋಡಿದೆ, ಕೈಯಿಂದ ಮುಟ್ಟಿಯೂ ನೋಡಿದೆ ಎಂದನು.

“ಅದನ್ನು ಎಣಿಸಕೂಡದು,” ಎಂದರು ಅಧ್ಯಾಪಕರು. “ಅದು ಇದೆ.”