ಅಂತರಗಂಗೆಗೆ ಟೆಂಡರ್

ಬೆಂಗಳೂರಿನ ಕೆರೆಯೊಂದರ ದಂಡೆ. ಹಿಟಾಚಿ ಗುರುಗುಟ್ಟುತ್ತಿದೆ. ನೀರಿನ ತುಂಬಾ ಅಂತರಗಂಗೆಯ ನೇರಳೆ ಹೂ, ಸೆಲ್ಫಿಗಂತೂ ಬಲು ಚೆಂದ.

"ನೋಡು ತಾತ, ವಾರದಲ್ಲಿ ಕೆರೆ ಕ್ಲೀನ್!"

"ಕಿತ್ತಿದ್ದನ್ನ ದಂಡೇಲೇ ಗುಡ್ಡೆ ಹಾಕಿದ್ದೀರಲ್ಲ ಸಾಮಿ? ಮಳೆ ಬಂದ್ರೆ ಮತ್ತೆ ಒಳಕ್ಕೇ."

"ಸಾಗಿಸೋದು ಬೇರೆ ಟೆಂಡರು."

"ಎರಡು ವಾರಕ್ಕೆ ಡಬಲ್ಲಾಗೋ ಕಳೆ ಇದು. ಬೀಜ ಕೆಸರಲ್ಲಿ 15 ವರ್ಷ ಬೇಕಾದ್ರೂ ಕಾಯ್ತದೆ."

"ಅಷ್ಟರಲ್ಲಿ ನಾನು ರಿಟೈರು."

"1980ರ ದಶಕದಲ್ಲಿ ಇದನ್ನೇ ತಿನ್ನೋ ಮೂತಿಹುಳ ತಂದು ಬಿಟ್ಟಿದ್ರು, ಇದೇ ಬೆಂಗಳೂರಲ್ಲಿ."

"ಹುಳ ಬಿಲ್ಲು ಬರೆಯಲ್ವಲ್ಲ ತಾತ!"

"ಹೋಗ್ಲಿ, ಮೋರಿ ನೀರಾದ್ರೂ ನಿಲ್ಲಿಸಿ. ಅದೇ ಇದಕ್ಕೆ ಗೊಬ್ಬರ."

"ಮೋರಿ ನಮ್ಮ ಇಲಾಖೆಗೆ ಬರಲ್ಲ. ಅಂದಹಾಗೆ, ಈ ಗಿಡ ಬಂದಿದ್ದೆಲ್ಲಿಂದ?"

"ಅಮೆಜಾನಿಂದ."

"ರಿಟರ್ನ್ ಮಾಡೋಕೆ ಟೈಮಿದೆಯಾ?"