ಏಳನೆಯ ಸದಸ್ಯ

ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿಗೆ ಆರು ಜನ ಸದಸ್ಯರು. ಮೂವರು ಬ್ಯಾಂಕಿನವರು, ಮೂವರು ಕೇಂದ್ರ ಸರ್ಕಾರ ನೇಮಿಸಿದವರು. ಏಳನೆಯವನು ಧಾರವಾಡದ ಸಪ್ತಾಪುರದಲ್ಲಿ, ತಗಡು ಹೊದಿಸಿದ ಮಹಡಿ ರೂಮೊಂದರಲ್ಲಿ ಲುಂಗಿ ಉಟ್ಟುಕೊಂಡು ಕೂತಿರುತ್ತಾನೆ. ಮತ ಹಾಕುವ ಹಕ್ಕು ಇಲ್ಲ ಅನ್ನುವುದೊಂದನ್ನು ಬಿಟ್ಟರೆ, ಎರಡು ತಿಂಗಳಿಗೊಮ್ಮೆ ಸೇರುವ ಆ ಸಭೆಯ ಬಗ್ಗೆ ಅವನಷ್ಟು ತಲೆ ಕೆಡಿಸಿಕೊಂಡವರು ಮುಂಬೈಯಲ್ಲೂ ಇರಲಿಕ್ಕಿಲ್ಲ. ರೆಪೊ ದರ ಏರಲೂಬಾರದು, ಇಳಿಯಲೂಬಾರದು, ಇದ್ದಲ್ಲೇ ಇರಬೇಕು ಎಂಬುದು ಅವನ ಖಾಯಂ ನಿಲುವು. ಹಣದುಬ್ಬರವನ್ನು ಶೇ 4ರ ಆಸುಪಾಸಿನಲ್ಲಿ, ಹೆಚ್ಚೆಂದರೆ ಆಚೆ ಎರಡು ಈಚೆ ಎರಡರೊಳಗೆ ಕಟ್ಟಿಹಾಕಬೇಕೆಂಬ ಚಿಂತೆ ಸಮಿತಿಯದು. ಇವನ ಚಿಂತೆ ಬೇರೆ. ದರ ಬದಲಾದರೆ ನೋಟ್ಸ್ ತಿದ್ದಬೇಕು.

2022ರ ಮೇ ತಿಂಗಳಿಂದ ಮುಂದಿನ ಫೆಬ್ರವರಿಯೊಳಗೆ ಆ ದರ ಆರು ಸಲ ಜಿಗಿದು 4ರಿಂದ 6.50ಕ್ಕೆ ಏರಿದಾಗ ಅವನ ನೋಟ್‌ಬುಕ್ಕಿನ ಆ ಪುಟ ರಬ್ಬರಿನ ತಿಕ್ಕಾಟಕ್ಕೆ ತೂತು ಬಿದ್ದಿತ್ತು. ಆಮೇಲೆ ಬಂದದ್ದು ಸುವರ್ಣಯುಗ. ಎರಡು ವರ್ಷ 6.50 ಕದಲಲಿಲ್ಲ. ಧೈರ್ಯ ಬಂದು ಪೆನ್ನಿನಲ್ಲಿ ಬರೆದ. ಪೆನ್ನಿನಲ್ಲಿ ಬರೆದದ್ದೇ ತಡ, 2024ರ ಡಿಸೆಂಬರಿನಲ್ಲಿ ಗವರ್ನರೇ ಬದಲಾದರು. ಶಕ್ತಿಕಾಂತ ದಾಸ್ ಹೋಗಿ ಸಂಜಯ್ ಮಲ್ಹೋತ್ರಾ ಬಂದರು. 2025ರ ಫೆಬ್ರವರಿಯಲ್ಲಿ 6.25, ಏಪ್ರಿಲ್‌ನಲ್ಲಿ 6, ಜೂನ್‌ನಲ್ಲಿ 5.50, ಡಿಸೆಂಬರಿನಲ್ಲಿ 5.25. ನಗದು ಮೀಸಲು ಅನುಪಾತವನ್ನಂತೂ 4ರಿಂದ 3ಕ್ಕೆ ನಾಲ್ಕು ಕಂತಿನಲ್ಲಿ ಇಳಿಸಿದರು. "ಇಳಸೂದ ಇದ್ರ ಒಮ್ಮೆ ಇಳಸಬೇಕು. ಹಿಂಗ ಕಂತಿನ್ಯಾಗ ಜೀವಾ ತಿನ್ನೂದು ಯಾವ ನ್ಯಾಯ?" ಎಂದು ಅವನು ದೇಶದ ಕೇಂದ್ರ ಬ್ಯಾಂಕಿಗೆ ಛೀಮಾರಿ ಹಾಕಿದ್ದನ್ನು ಪಕ್ಕದ ಮನೆಯ ಮಹಡಿಯಿಂದ ನಾನೇ ಕೇಳಿದ್ದೇನೆ.

ಕೆಳಗಿನ ಮನೆಯ ಮಾಲಕರಿಗೆ ಈ ಗದ್ದಲ ಕೇಳಿ ಆಸೆ ಹುಟ್ಟಿತು. "ಬಡ್ಡಿ ಇಳೀತಂತಲ್ಲೋ, ನನ್ನ ಮನಿ ಸಾಲದ ಕಂತು ಎಷ್ಟು ಕಡಿಮಿ ಆಕ್ಕೇತಿ?" ಎಂದರು.

"25 ಬೇಸಿಸ್ ಪಾಯಿಂಟ್ ರೀ."

"ರೂಪಾಯಿದಾಗ ಹೇಳಪಾ."

"ರೂಪಾಯಿದಾಗ ಕೇಳೂದಿಲ್ರಿ."

ಸರ್ಕಾರಿ ನೌಕರಿಯ ಪರೀಕ್ಷೆಗೆ ಅವನ ಜೊತೆ ಓದುವ ಹುಡುಗರು ಅವನನ್ನು ಕರೆಂಟಣ್ಣ ಎಂದು ಕರೆಯುತ್ತಾರೆ. ಪ್ರಚಲಿತ ವಿದ್ಯಮಾನಗಳಲ್ಲಿ, ಅದರಲ್ಲೂ ಅರ್ಥಶಾಸ್ತ್ರ, ವಿಜ್ಞಾನ ಮತ್ತು ತಂತ್ರಜ್ಞಾನದಲ್ಲಿ, ಅವನ ಮಾತಿಗೆ ಎದುರಿಲ್ಲ. ಬೆಂಗಳೂರಿನ ವಿಜಯನಗರದಲ್ಲಿ, ವಿಜಯಪುರದಲ್ಲಿ, ಕಲಬುರಗಿಯಲ್ಲಿ ಕೂಡ ಇವನ ಜಾತಿಯವರು ಸಿಗುತ್ತಾರೆ. ಆದರೆ ಸಪ್ತಾಪುರದ ಹವೆಯಲ್ಲಿ ಬಲಿತವನ ಹದ ಬೇರೆ. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ, ಎಸ್‌ಡಿಎ ಎಲ್ಲದಕ್ಕೂ ಅರ್ಜಿ ಹಾಕಿದ್ದಾನೆ. ವಯೋಮಿತಿ ಸಡಿಲಿಕೆಯ ಆದೇಶ ಬಂದ ದಿನ ಹುಟ್ಟುಹಬ್ಬ ಆಚರಿಸುತ್ತಾನೆ. ಪಾಸಾಗುತ್ತೀಯೇನಪ್ಪ ಎಂದು ಯಾರಾದರೂ ಕೇಳಿದರೆ ಖಚಿತ ಉತ್ತರ ಕೊಡುವುದಿಲ್ಲ. ನೆಗೆಟಿವ್ ಮಾರ್ಕಿಂಗ್ ಇದೆಯಲ್ಲ.

ಬೆಳಿಗ್ಗೆ ಪೇಪರ್ ಬಂದಾಗ ಅವನು ಅದನ್ನು ಓದುವುದಿಲ್ಲ, ಸುಲಿಯುತ್ತಾನೆ. ರಾಜಕೀಯದವರ ಬೈದಾಟ, ಸಿನಿಮಾ, ಕೊಲೆ ಎಲ್ಲ ಸಿಪ್ಪೆ. ಉಳಿಯುವುದು ಒಳಪುಟದ ಮೂಲೆಯಲ್ಲಿನ ಎರಡು ಕಾಲಂ. ಹಸಿರು ಗೆರೆ ಸಂಖ್ಯೆಗೆ, ಕೆಂಪು ಸಂಸ್ಥೆಗೆ, ಹಳದಿ "ದೇಶದಲ್ಲೇ ಮೊದಲು" ಎಂಬುದಕ್ಕೆ. ಗೆರೆ ಬೀಳದ ಸುದ್ದಿ ನಡೆದಿಲ್ಲ ಎಂದೇ ಲೆಕ್ಕ. ರಾಷ್ಟ್ರೀಯ ಕ್ವಾಂಟಂ ಮಿಷನ್ ಎಂದರೆ ಅವನಿಗೆ 2023ರ ಏಪ್ರಿಲ್, 6,003.65 ಕೋಟಿ ರೂಪಾಯಿ. ಆ ಅರವತ್ತೈದು ಲಕ್ಷವನ್ನು ಸಹ ಬಿಡುವವನಲ್ಲ. ನಾಲ್ಕು ಕೇಂದ್ರಗಳಲ್ಲಿ ಕಂಪ್ಯೂಟಿಂಗಿನದು ಬೆಂಗಳೂರಿನ ಐಐಎಸ್‌ಸಿ, ಸಂವಹನದ್ದು ಮದ್ರಾಸ್ ಐಐಟಿ ಎಂದು ನಿದ್ದೆಯಲ್ಲೂ ಹೇಳುತ್ತಾನೆ. ಹೊಸದಾಗಿ ರೂಮಿಗೆ ಬಂದ ಕೊಪ್ಪಳದ ಹುಡುಗ ಒಮ್ಮೆ ಮೆಲ್ಲಗೆ, "ಅಣ್ಣಾ, ಕ್ವಾಂಟಂ ಅಂದ್ರ ಏನು?" ಎಂದ. ಕರೆಂಟಣ್ಣ ಕನ್ನಡಕ ಸರಿಮಾಡಿಕೊಂಡು, "2031ರ ತನಕ ಐತಿ" ಎಂದ. ಹುಡುಗ ಬರೆದುಕೊಂಡ.

ಇದಕ್ಕೆ ಅವನನ್ನೊಬ್ಬನನ್ನೇ ಬೈಯುವುದು ತರವಲ್ಲ. ರಾಕೆಟ್ ಏಕೆ ಹಾರುತ್ತದೆ ಎಂದು ಕೇಳುವ ಬದಲು ರಾಕೆಟ್ಟಿನ ನಂಬರ್ ಏನು ಎಂದು ಕೇಳುವವರು ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದರೆ ಓದುವವನು ನಂಬರನ್ನೇ ಓದುತ್ತಾನೆ. ಓದಿ ಓದಿ ಅವನ ಮಾತೂ ಪ್ರಶ್ನೆಪತ್ರಿಕೆಯ ಹಾಗೇ ಆಗಿದೆ. ಮೆಸ್ಸಿನಲ್ಲಿ ತಾಟಿಗೆ ರೊಟ್ಟಿ, ಶೇಂಗಾ ಚಟ್ನಿ ಬಿದ್ದ ಮೇಲೆ ಸಾರಿನ ಬಟ್ಟಲಿಗೆ ಬೆರಳು ತಾಗಿಸಿ ಘೋಷಿಸುತ್ತಾನೆ: "ಸಮರ್ಥನೆ: ಸಾರು ಬಿಸಿ ಐತಿ. ಕಾರಣ: ಈಗಷ್ಟ ಮಾಡ್ಯಾರ. ಸಮರ್ಥನೆ ಸರಿ, ಕಾರಣ ತಪ್ಪು." ಮೆಸ್ಸಿನ ಅಕ್ಕ ಕೇಳಿಸಿಕೊಂಡೂ ಕೇಳದವಳಂತೆ ಇರುತ್ತಾಳೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ ಹಂತಗಳು ಬದಲಾದಾಗ ಅವನು ಊಟ ಬಿಟ್ಟು ಅವಳಿಗೆ ಅರ್ಧ ಗಂಟೆ ವಿವರಿಸಿದ. 12 ಹೋಯಿತು, 28 ಹೋಯಿತು, 5 ಮತ್ತು 18 ಉಳಿಯಿತು, ಚಟದ ಸಾಮಾನಿಗೆ 40, ಪ್ಯಾಕೆಟ್ ಪರೋಟಾಕ್ಕೆ 18 ಇದ್ದದ್ದು ಈಗ ಸೊನ್ನೆ. ಅಕ್ಕ ಸೌಟು ಎತ್ತಿ ಹಿಡಿದು, "ನಾ ಪರೋಟಾ ಮಾಡೂದಿಲ್ಲ. ನಿನ್ನ ಹೋದ ತಿಂಗಳ ಬಾಕಿ ಯಾವ ಹಂತದಾಗ ಬರತೈತಿ?" ಎಂದಳು.

ಅವನ ಜ್ಞಾನದ ಬಹುದೊಡ್ಡ ಕಷ್ಟವೆಂದರೆ ಅದು ಹಳಸುತ್ತದೆ. ಇತಿಹಾಸ ಓದಿದವನಿಗೆ ಈ ಪೀಡೆ ಇಲ್ಲ. ತಾಳಿಕೋಟೆ ಯುದ್ಧ 1565ರಲ್ಲೇ ಇರುತ್ತದೆ, ತಿದ್ದುಪಡಿ ಬರುವುದಿಲ್ಲ. ಇವನದು ಹಾಗಲ್ಲ. ಬ್ಯಾಂಕುಗಳ ಕೇಂದ್ರ ಕಚೇರಿ ನೆನಪಿಟ್ಟುಕೊಳ್ಳಲು ಓದು ಶುರುಮಾಡಿದ ಹೊಸದರಲ್ಲಿ ಒಂದು ಹಾಡು ಕಟ್ಟಿದ್ದ. ವಿಜಯಾ ಬೆಂಗಳೂರು, ಕಾರ್ಪೊರೇಷನ್ ಮಂಗಳೂರು, ಸಿಂಡಿಕೇಟ್ ಮಣಿಪಾಲ. ಭಜನೆಯ ಧಾಟಿ, ಚೆನ್ನಾಗಿಯೇ ಇತ್ತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬರೋಡಾದೊಳಗೆ ಹೋಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಕರಾವಳಿಯ ಜನ ತಮ್ಮ ಹಿರಿಯರು ಕಟ್ಟಿದ ಬ್ಯಾಂಕು ಹೋಯಿತೆಂದು ಮರುಗಿದರು. ಇವನು ಹಾಡು ಹೋಯಿತೆಂದು ಮರುಗಿದ. ಪಲ್ಲವಿಯೇ ವಿಲೀನವಾದರೆ ಹಾಡುವುದು ಏನನ್ನು?

ಇಸ್ರೊ ಮೇಲೆ ಅವನಿಗೆ ಪ್ರೀತಿ, ಜೊತೆಗೆ ಒಂದಿಷ್ಟು ಸಿಟ್ಟು. 2023ರ ಆಗಸ್ಟ್ 23ರ ಸಂಜೆ ಮೆಸ್ಸಿನ ಟಿವಿ ಮುಂದೆ ಕಾಲಿಡಲು ಜಾಗವಿರಲಿಲ್ಲ. ವಿಕ್ರಮ್ ಲ್ಯಾಂಡರ್ ಚಂದ್ರನ ನೆಲ ಮುಟ್ಟಿದಾಗ ಹುಡುಗರು ಕುಣಿದರು, ಅಕ್ಕ ಎಲ್ಲರಿಗೂ ಶಿರಾ ಮಾಡಿದಳು, ನಾನೂ ತಿಂದೆ. ಕರೆಂಟಣ್ಣ ಒಬ್ಬನೇ ಕೈ ಎತ್ತಿ, "ಗದ್ದಲ ಮಾಡಬ್ಯಾಡ್ರಿ, ಟೈಮ್ ಬರ್ಕೊಳ್ರಿ, 6 ಗಂಟೆ 4 ನಿಮಿಷ" ಎಂದು ಕೂಗುತ್ತಿದ್ದ. ಯಾರೋ ದಕ್ಷಿಣ ಧ್ರುವ ಗೆದ್ದೆವು ಎಂದರು. "ಧ್ರುವ ಅಲ್ಲ. ಧ್ರುವದ ಹತ್ರ. ಸುಮಾರು 69 ಡಿಗ್ರಿ ದಕ್ಷಿಣ. ಹೇಳಿಕೆ ತಪ್ಪು ಕೊಟ್ಟು ಸಿಗಿಸ್ತಾರ." ನಾಲ್ಕು ದಿನ ಮೊದಲು ರಷ್ಯಾದ ಲೂನಾ-25 ಅದೇ ಚಂದ್ರನಿಗೆ ಅಪ್ಪಳಿಸಿ ಪುಡಿಯಾದಾಗ ಅವನು ಮರುಕದಿಂದ ತಲೆಯಾಡಿಸಿದ್ದ. "ಪಾಪ" ಎಂದು, ಉಸಿರು ಬಿಟ್ಟು, "ಹೊಂದಿಸಿ ಬರೆಯಿರಿಗೆ ಛಲೋ ಆತು" ಎಂದಿದ್ದ.

ಅವನ ಸಿಟ್ಟಿಗೆ ಕಾರಣ ಸ್ಪೇಡೆಕ್ಸ್. ಬಾಹ್ಯಾಕಾಶದಲ್ಲಿ ಎರಡು ಉಪಗ್ರಹಗಳನ್ನು ಒಂದಕ್ಕೊಂದು ಕೂಡಿಸುವ ಪ್ರಯೋಗ. ಪಿಎಸ್‌ಎಲ್‌ವಿ-ಸಿ60 ಅವನ್ನು ಹೊತ್ತು ಹಾರಿದ್ದು 2024ರ ಡಿಸೆಂಬರ್ 30ಕ್ಕೆ. ವರ್ಷ ಮುಗಿಯಲು ಒಂದು ದಿನ ಬಾಕಿ! ವಾರ್ಷಿಕ ವಿಶೇಷಾಂಕಗಳೆಲ್ಲ ಅಚ್ಚಾಗಿ ಅಂಗಡಿಗೆ ಬಂದಾಗಿತ್ತು, ಇವನು ಕೊಂಡೂ ಆಗಿತ್ತು. ಕೂಡಿಸುವ ಕೆಲಸ ಜನವರಿ 7ಕ್ಕೆ ಎಂದರು, 9ಕ್ಕೆ ಎಂದರು, ಮತ್ತೆ ಮುಂದೆ ಹಾಕಿದರು. "ಇವರೂ ನಮ್ಮ ಲೋಕಸೇವಾ ಆಯೋಗದವರನ್ನ ನೋಡಿ ಕಲ್ತಾರ" ಎಂದ ಕರೆಂಟಣ್ಣ. 16ಕ್ಕೆ ಎರಡೂ ಕೂಡಿಕೊಂಡವು, ಭಾರತ ಆ ಸಾಧನೆ ಮಾಡಿದ ನಾಲ್ಕನೆಯ ದೇಶವಾಯಿತು. ಇವನ ಪರೀಕ್ಷೆ ಮಾತ್ರ ಕಕ್ಷೆಯಲ್ಲೇ ಸುತ್ತುತ್ತಿತ್ತು. ಒಳಮೀಸಲಾತಿ ಇತ್ಯರ್ಥವಾಗುವ ತನಕ ಹೊಸ ಅಧಿಸೂಚನೆ ಇಲ್ಲವೆಂದು ಸರ್ಕಾರ ಹೇಳಿಯಾಗಿತ್ತು. ಪರೀಕ್ಷೆ ಮುಂದಕ್ಕೆ ಹೋದಷ್ಟೂ ಓದಿದ ಪ್ರಚಲಿತ ಹಿಂದಕ್ಕೆ ಹೋಗುತ್ತದೆ. ಆರು ತಿಂಗಳು ಹೋದರೆ ಆರು ತಿಂಗಳಿನ ಪತ್ರಿಕೆ ದಂಡ, ಹೊಸ ಆರು ತಿಂಗಳಿನದು ಕೊಳ್ಳಬೇಕು. ಈ ಉದ್ಯಮದಲ್ಲಿ ಲಾಭ ಯಾರಿಗೆ ಎಂದು ಒಮ್ಮೆ ಕೇಳಿದ್ದೆ. "ಮೇಲಿನ ಯಾರಿಗೂ ಅಲ್ಲ" ಎಂದ, ಕೋಚಿಂಗ್ ಸೆಂಟರಿನ ಬೋರ್ಡ್ ಕಡೆ ನೋಡುತ್ತಾ.

ಅವನ ಅಪ್ಪ ನವಲಗುಂದದ ಕಡೆಯ ಎರೆಹೊಲದವರು. ಹೆಸರು, ಹತ್ತಿ, ಕಡಲೆ ಬೆಳೆಯುತ್ತಾರೆ. ಮಗನ ಜ್ಞಾನದ ಮೇಲೆ ಅಪಾರ ನಂಬಿಕೆ. ಹೆಸರು ಬಿಡಿಸಿ ಕಣಕ್ಕೆ ಬಂದ ಹೊತ್ತಿನಲ್ಲಿ ಫೋನ್ ಮಾಡಿದರು. ಇವನು ಸ್ಪೀಕರ್ ಹಾಕಿಕೊಂಡು ಅಂಗಿ ಒಣಗಹಾಕುತ್ತಿದ್ದ.

"ಹೆಸರಿಗೆ ಸರಕಾರದ ರೇಟ್ ಎಷ್ಟೋ ತಮ್ಮಾ?"

"8,768, ಕ್ವಿಂಟಲ್‌ಗೆ. 2025-26ರ ಮುಂಗಾರಿಂದು. ಹ್ವಾದ ವರ್ಷ 8,682 ಇತ್ತು, 86 ರೂಪಾಯಿ ಜಾಸ್ತಿ ಮಾಡ್ಯಾರ. ಬ್ಯಾಳಿಕಾಳಿನಾಗ ಎಲ್ಲಾಕ್ಕಿಂತ ಇದ ಹೆಚ್ಚು. ಶಿಫಾರಸು ಮಾಡೂದು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ, ಒಪ್ಪಿಗಿ ಕೊಡೂದು ಸಂಪುಟದ ಆರ್ಥಿಕ ಸಮಿತಿ."

"ಭೇಷಾತು. ಎಲ್ಲಿ ತಗೋತಾರ?"

ಅಂಗಿಯ ಒಂದು ತೋಳು ತಂತಿಯ ಮೇಲೆ, ಇನ್ನೊಂದು ಇವನ ಕೈಯಲ್ಲಿ.

"ಅಂದ್ರ?"

"ಖರೀದಿ ಕೇಂದ್ರ ಯಾವಾಗ ತೆರೀತಾರ? ಎಲ್ಲಿ ತೆರೀತಾರ? ಮಳಿ ಬರೂ ಹಂಗೈತಿ, ಕಾಳು ಹಸಿ ಆದ್ರ ದಲಾಲಿ ಕೈಯಾಗ ಹಾಕಬೇಕಾಕ್ಕೇತಿ."

"ಅದನ್ನ ಪರೀಕ್ಷೆದಾಗ ಕೇಳೂದಿಲ್ಲಪ್ಪ."

"ನಾ ಕೇಳಾಕತ್ತೀನಲ್ಲೋ."

ಹೆಸರು ಎಷ್ಟಕ್ಕೆ ಹೋಯಿತೆಂದು ಇವನು ಕೇಳಲಿಲ್ಲ, ಅವರು ಹೇಳಲಿಲ್ಲ. ರೂಮಿನ ಬಾಡಿಗೆ ಮಾತ್ರ ಒಂದನೇ ತಾರೀಖಿಗೆ ಬಂತು. ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಅರ್ಧದಷ್ಟು ಸೇರಿಸಿ ಬೆಂಬಲ ಬೆಲೆ ಕೊಡಬೇಕೆಂದ ಸ್ವಾಮಿನಾಥನ್ ಆಯೋಗದ ಪುಟ ಅವನ ನೋಟ್ಸಿನಲ್ಲಿ ಮೂರು ಬಣ್ಣದಲ್ಲಿದೆ. ಅಪ್ಪನ ಉತ್ಪಾದನಾ ವೆಚ್ಚದ ದೊಡ್ಡ ಬಾಬತ್ತು ತಾನೇ ಎಂಬುದು ಯಾವ ಬಣ್ಣದಲ್ಲೂ ಇಲ್ಲ.

ಕೊನೆಗೊಮ್ಮೆ ಯಾವುದೋ ಒಂದು ಪರೀಕ್ಷೆ ನಡೆಯಿತು. ಕ್ವಾಂಟಂ ಬರಲಿಲ್ಲ, ರೆಪೊ ಬರಲಿಲ್ಲ, ಸೂರ್ಯನನ್ನು ನೋಡಲು ಹೋದ ಆದಿತ್ಯ-ಎಲ್1 ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲೇ ಉಳಿಯಿತು. ಬಂದದ್ದು ಪ್ರೆಶರ್ ಕುಕ್ಕರಿನಲ್ಲಿ ಅನ್ನ ಬೇಗ ಬೇಯುವುದು ಏಕೆ ಎಂಬುದು. ರೂಮಿನಲ್ಲಿ ರಾತ್ರಿ ಕುಕ್ಕರ್ ಇಡುವವನು ಇವನೇ. ನೀರಿನ ಕುದಿಬಿಂದು ಏರುತ್ತದೋ ಇಳಿಯುತ್ತದೋ ಎಂದು ಹತ್ತು ನಿಮಿಷ ತೂಗಿ, ಇಳಿಯುತ್ತದೆ ಎಂದು ತುಂಬಿ ಬಂದ. ಹೊರಗೆ ಹುಡುಗರು ಸುತ್ತುಗಟ್ಟಿದರು. "ಪ್ರಚಲಿತವೇ ಕೇಳಿಲ್ಲ. ಪೇಪರ್ ಮಟ್ಟ ಇಳದೈತಿ" ಎಂದು ಬೇಸರದಿಂದ ಹೇಳಿ ಚಹಾದಂಗಡಿಗೆ ನಡೆದ.

ಹೊಸ ಪುಸ್ತಕಕ್ಕೆ ಜಾಗ ಬೇಕಲ್ಲ, ಅದಕ್ಕೆ ಹೋದ ತಿಂಗಳು ಹಳೆಯ ಮಾಸಿಕಗಳನ್ನೆಲ್ಲ ಚೀಲಕ್ಕೆ ತುಂಬಿ ರದ್ದಿ ಅಂಗಡಿಗೆ ಹೊರಟ. ನನ್ನ ಹಳೆಯ ಪೇಪರೂ ಇದ್ದವು, ಜೊತೆಗೆ ಹೋದೆ. ಅಂಗಡಿಯವನು ತಕ್ಕಡಿ ಎತ್ತಿದ ಕೂಡಲೇ ಇವನಿಗೆ ತಡೆಯಲಾಗಲಿಲ್ಲ.

"ಕಿಲೋಗ್ರಾಂ ವ್ಯಾಖ್ಯೆ ಬದಲಾಗೇತಿ, ಗೊತ್ತೈತಿಲ್ರಿ? 2019ರ ಮೇ 20ರಿಂದ ಪ್ಯಾರಿಸ್ ಹತ್ರದ ಲೋಹದ ಸಿಲಿಂಡರಿನ ಮ್ಯಾಲೆ ಇಲ್ಲ. ಪ್ಲಾಂಕ್ ಸ್ಥಿರಾಂಕದ ಮ್ಯಾಲೆ ನಿಂತೈತಿ."

"ನಮ್ಮಲ್ಲಿ ಇನ್ನೂ ಕಲ್ಲಿನ ಮ್ಯಾಲ ನಿಂತೈತ್ರಿ" ಎಂದು ಅವನು ತಲೆ ಎತ್ತದೆ ಹೇಳಿ, ಎರಡು ಕಿಲೋ ಕಲ್ಲು ಇಟ್ಟ. ಆಮೇಲೆ ಮೇಲಿದ್ದ ಸಂಚಿಕೆಯ ಮುಖಪುಟ ನೋಡಿ, "ಆದಿತ್ಯ ಯಾವುದರಾಗ ಹೋತು?" ಎಂದ.

"ಪಿಎಸ್‌ಎಲ್‌ವಿ-ಸಿ57."

"ತಾರೀಖು?"

"2023ರ ಸೆಪ್ಟೆಂಬರ್ 2."

ಅಂಗಡಿಯವನು ತಕ್ಕಡಿ ಕೆಳಗಿಟ್ಟು ಇವನನ್ನು ಮೇಲಿನಿಂದ ಕೆಳಗೆ ನೋಡಿದ. "ನಾನೂ ಎಸ್‌ಡಿಎ ಎರಡು ಸಲ ಬರದೇನ್ರಿ. ಒಂದ ಸಲ ಅರ್ಧ ಮಾರ್ಕಿನ್ಯಾಗ ಹೋತು." ಕಿಲೋಗೆ ಒಂದು ರೂಪಾಯಿ ಹೆಚ್ಚು ಹಾಕಿದ. ನನ್ನ ಪೇಪರಿಗೆ ಹಳೆಯ ರೇಟೇ. ಆಮೇಲೆ ಇಬ್ಬರೂ ಕಟಾಫ್ ವಿಷಯಕ್ಕೆ ಇಳಿದರು. ಯಾವ ವರ್ಷ ಯಾವ ಪ್ರವರ್ಗಕ್ಕೆ ಎಷ್ಟು, ಯಾವ ಪ್ರಶ್ನೆಯ ಕೀ ಉತ್ತರ ತಪ್ಪು, ಯಾರು ಆಕ್ಷೇಪಣೆ ಹಾಕಿದರು ಎಂದು ಮಾತು ಬೆಳೆಯಿತು. ಗಿರಾಕಿಗಳು ಇಬ್ಬರು ಬಂದು ಕಾದು ವಾಪಸ್ ಹೋದರು. ಹೊರಡುವಾಗ ಕರೆಂಟಣ್ಣ ಚೀಲದ ತಳದಿಂದ ಒಂದು ಸಂಚಿಕೆ ಹಿಂದಕ್ಕೆ ಎಳೆದುಕೊಂಡ.

"ಅದ್ಯಾಕ್ರಿ?"

"ಚಂದ್ರಯಾನದ್ದು. ಕೊಡೂದಿಲ್ಲ, ಅದು ಈಗ ಸ್ಟ್ಯಾಟಿಕ್ ಜಿಕೆ ಆಗೇತಿ."

"ಒಯ್ರಿ, ಒಯ್ರಿ" ಎಂದ ಅಂಗಡಿಯವನು. "ಆದ್ರ ತೂಕದಾಗ ಹಿಡದೀನಿ. ಇನ್ನೂರು ಗ್ರಾಂ ಕಡಿಮಿ ಮಾಡಿ ಲೆಕ್ಕಾ ಹೇಳ್ರಿ ನೋಡೋಣ, ಕ್ಯಾಲ್ಕುಲೇಟರ್ ಇಲ್ದ."